ಉಪ್ಪಿನಲ್ಲಿ ಮುಳುಗಿದ ಎಲೆಕೋಸು

ನಮ್ಮ ಅಜ್ಜಿಯ ಮನೆ ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿತ್ತು. ಅಡುಗೆಮನೆಗೆ ತಾಗಿದ ಕತ್ತಲೆಕೋಣೆಯಲ್ಲಿ ಸಾಲಾಗಿ ನಿಂತಿದ್ದ ಭರಣಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಉಪ್ಪುಸೊಳೆಯದು. ಮಳೆ ಹಿಡಿಯುವ ಮೊದಲು, ಬಲಿತಿದ್ದರೂ ಹಣ್ಣಾಗದ ಹಲಸಿನ ಸೊಳೆಗಳನ್ನು ಬಿಡಿಸಿ, ಉಪ್ಪು ಬೆರೆಸಿ, ಭರಣಿಗೆ ಒತ್ತಿ ತುಂಬಿ, ಮೇಲೊಂದು ಕಲ್ಲು ಹೇರಿ ಬಾಯಿ ಕಟ್ಟುತ್ತಿದ್ದರು. ಆಟಿಯ ಜಡಿಮಳೆಯಲ್ಲಿ ತೋಟದಲ್ಲಿ ಹಸಿ ತರಕಾರಿ ಇಲ್ಲದಾದಾಗ ಆ ಭರಣಿ ತೆರೆಯುತ್ತಿತ್ತು. ಬೇಕಾದಷ್ಟು ಸೊಳೆ ತೆಗೆದು, ನೀರಿನಲ್ಲಿ ನೆನೆಹಾಕಿ, ಉಪ್ಪು ಬಿಡಿಸಿ, ಪಲ್ಯ ಮಾಡುತ್ತಿದ್ದರು. ಅಜ್ಜಿಗೆ ತಕ್ಕಡಿಯ ಅಗತ್ಯವಿರಲಿಲ್ಲ. ಉಪ್ಪಿನ ಅಳತೆ ಅವರ ಕೈಯಲ್ಲಿತ್ತು.

ಕೆಲವು ವರ್ಷಗಳ ಹಿಂದೆ ಮುಂಬಯಿಯ ನಮ್ಮ ಮನೆಯಲ್ಲಿ ಎಲೆಕೋಸನ್ನು ಹುಳಿ ಬರಿಸಲು ಹೊರಟಾಗ ನಾನು ನೆಚ್ಚಿಕೊಂಡದ್ದು ಆ ಕೈಯಳತೆಯನ್ನೇ. ಹೆಚ್ಚಿದ ಕೋಸಿಗೆ ಧಾರಾಳವಾಗಿ ಕಲ್ಲುಪ್ಪು ಸುರಿದು, ಗಾಜಿನ ಭರಣಿಯಲ್ಲಿ ಒತ್ತಿಟ್ಟೆ. ಒಂದು ತಿಂಗಳ ನಂತರ ತೆರೆದು ನೋಡಿದರೆ ಅದು ಕೆಟ್ಟಿರಲಿಲ್ಲ, ಹುಳಿಯೂ ಬಂದಿರಲಿಲ್ಲ. ಉಪ್ಪು ಹಾಕಿದ ಎಲೆಕೋಸು ಉಪ್ಪು ಹಾಕಿದ ಎಲೆಕೋಸಾಗಿಯೇ ಉಳಿದಿತ್ತು. ಎರಡನೆಯ ಸಲ ಪಾಠ ಕಲಿತವನಂತೆ ಚಿಟಿಕೆ ಉಪ್ಪಿನಲ್ಲಿ ಮುಗಿಸಿದೆ. ಐದನೆಯ ದಿನ ಭರಣಿಯಲ್ಲಿ ಲೋಳೆ, ಮನೆತುಂಬ ನಾತ. ಇವೆರಡು ಸೋಲುಗಳ ನಡುವೆ ಎಲ್ಲೋ ಒಂದು ಕಿರಿದಾದ ದಾರಿ ಇದೆ, ಮತ್ತು ಮನುಷ್ಯರು ಆ ದಾರಿಯಲ್ಲಿ ಸಾವಿರಾರು ವರ್ಷ ನಡೆದಿದ್ದಾರೆ ಎಂಬುದು ಆಗ ತಿಳಿಯಿತು. ಆ ದಾರಿಯ ಚರಿತ್ರೆಯನ್ನು ಹುಡುಕುತ್ತ ಹೋದಾಗ ಕಂಡ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬಯಸುತ್ತೇನೆ.

*

ಮೊದಲ ಸಂಗತಿ ಒಂದು ಹಡಗಿನದು. 1768ರ ಆಗಸ್ಟ್‌ನಲ್ಲಿ ಜೇಮ್ಸ್ ಕುಕ್‌ನ ‘ಎಂಡೆವರ್’ ಇಂಗ್ಲೆಂಡಿನ ಪ್ಲಿಮತ್ ಬಂದರಿನಿಂದ ದಕ್ಷಿಣ ಸಮುದ್ರಗಳತ್ತ ಹೊರಟಿತು. ಹಡಗಿನಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿದ್ದರು. ಅವರ ಜೊತೆಗೆ ಪೀಪಾಯಿಗಳಲ್ಲಿ ಸುಮಾರು 3,500 ಕಿಲೋಗ್ರಾಂ ಹುಳಿಗೋಸು ಇತ್ತು. ಜರ್ಮನರು ‘ಸಾವರ್‌ಕ್ರೌಟ್’ ಎಂದು ಕರೆಯುವ ಪದಾರ್ಥವೇ ಇದು. ಸಣ್ಣಗೆ ಹೆಚ್ಚಿದ ಎಲೆಕೋಸಿಗೆ ಉಪ್ಪು ಬೆರೆಸಿ, ಅದರದೇ ನೀರಿನಲ್ಲಿ ಮುಳುಗಿಸಿ ಹುಳಿ ಬರಿಸಿದ್ದು. ಹೆಸರಿನ ಅರ್ಥವೂ ಹುಳಿಗೋಸು ಎಂದೇ. ಮಧ್ಯ ಯುರೋಪಿನ ರೈತರಿಗೆ ಇದು ಚಳಿಗಾಲದ ದೈನಂದಿನ ಆಹಾರ. ಇಂಗ್ಲಿಷ್ ನಾವಿಕರಿಗೆ ಮಾತ್ರ ಪರದೇಶದ ವಿಚಿತ್ರ ತಿಂಡಿ.

ಅಷ್ಟೊಂದು ಕೋಸನ್ನು ಹೊತ್ತೊಯ್ಯಲು ಕಾರಣ ಸ್ಕರ್ವಿ. ತಿಂಗಳುಗಟ್ಟಲೆ ಒಣರೊಟ್ಟಿ ಮತ್ತು ಉಪ್ಪುಮಾಂಸದ ಮೇಲೆ ಬದುಕುತ್ತಿದ್ದ ನಾವಿಕರ ವಸಡು ಊದಿ ರಕ್ತ ಒಸರುತ್ತಿತ್ತು, ಹಲ್ಲು ಸಡಿಲವಾಗುತ್ತಿತ್ತು, ವಾಸಿಯಾಗಿದ್ದ ಹಳೆಯ ಗಾಯಗಳು ಮತ್ತೆ ಬಾಯಿ ತೆರೆಯುತ್ತಿದ್ದವು, ಕೊನೆಗೆ ಸಾವು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ‘ಸಾಲಿಸ್‌ಬರಿ’ ಹಡಗಿನಲ್ಲಿ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಪ್ರತಿ ಜೋಡಿಗೂ ಬೇರೆ ಬೇರೆ ಮದ್ದು ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದ ಜೋಡಿ ಬೇಗ ಚೇತರಿಸಿಕೊಂಡಿತು. 1753ರಲ್ಲಿ ಆತ ಇದನ್ನು ಪುಸ್ತಕವಾಗಿ ಪ್ರಕಟಿಸಿದ. ಆದರೂ ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಕ್ರಮವಾಗಿ ಕೊಡಲು ಒಪ್ಪಿದ್ದು 1795ರಲ್ಲಿ. ನಡುವಿನ ನಾಲ್ಕು ದಶಕಗಳಲ್ಲಿ ನಡೆದ ಹಲವು ಪ್ರಯೋಗಗಳಲ್ಲಿ ಕುಕ್‌ನ ಹುಳಿಗೋಸೂ ಒಂದು.

ನಾವಿಕರು ಅದನ್ನು ಮುಟ್ಟಲಿಲ್ಲ. ಕುಕ್ ಏನು ಮಾಡಿದನೆಂಬುದು ಅವನ ದಿನಚರಿಯಲ್ಲಿದೆ. ಆತ ಒತ್ತಾಯಿಸಲಿಲ್ಲ. ಪ್ರತಿದಿನ ಅಧಿಕಾರಿಗಳ ಮೇಜಿಗೆ ಹುಳಿಗೋಸನ್ನು ಬಡಿಸುವ ಏರ್ಪಾಡು ಮಾಡಿದ. ನಾವಿಕರಿಗೆ ಬೇಕಿದ್ದರೆ ತಿನ್ನಬಹುದು, ಬೇಡವಾದರೆ ಬಿಡಬಹುದು ಎಂದ. ದೊಡ್ಡವರು ಬಯಸಿ ತಿನ್ನುವುದನ್ನು ನೋಡಿದ ಜನ ಒಂದು ವಾರ ಕಳೆಯುವಷ್ಟರಲ್ಲಿ ಅದನ್ನು ಎಷ್ಟು ಕೇಳತೊಡಗಿದರೆಂದರೆ, ತಲೆಗಿಷ್ಟೆಂದು ಪಡಿ ಗೊತ್ತುಮಾಡಬೇಕಾಯಿತು.

ಆ ಯಾನದಲ್ಲಿ ಸ್ಕರ್ವಿಯಿಂದ ಯಾರೂ ಸಾಯಲಿಲ್ಲ. ಆದರೆ ಇದರ ಕೀರ್ತಿಯೆಲ್ಲ ಹುಳಿಗೋಸಿನದೆಂದು ಹೇಳುವುದು ಚರಿತ್ರೆಗೆ ಮಾಡುವ ಅನ್ಯಾಯ. ದಡ ಸಿಕ್ಕಲ್ಲೆಲ್ಲ ಕುಕ್ ಹಸಿ ಸೊಪ್ಪು ತರಿಸುತ್ತಿದ್ದ; ಬಹುಪಾಲು ರಕ್ಷಣೆ ಅದರದೇ. 1776ರಲ್ಲಿ ರಾಯಲ್ ಸೊಸೈಟಿ ನಾವಿಕರ ಆರೋಗ್ಯ ಕುರಿತ ಬರಹಕ್ಕಾಗಿ ಕುಕ್‌ಗೆ ಕಾಪ್ಲಿ ಪದಕ ಕೊಟ್ಟಿತು. ಆದರೆ ಕುಕ್ ತುಂಬ ಮೆಚ್ಚಿಕೊಂಡಿದ್ದ ಮದ್ದು ಮೊಳಕೆಧಾನ್ಯದ ಕಷಾಯ, ಮತ್ತು ಅದರಲ್ಲಿ ಸ್ಕರ್ವಿಯನ್ನು ತಡೆಯುವ ಸತ್ವವೇ ಇರಲಿಲ್ಲ. ಇನ್ನು ಸ್ಕರ್ವಿಯಿಂದ ಪಾರಾದ ಅದೇ ಹಡಗು 1770ರ ಕೊನೆಯಲ್ಲಿ ಬಟಾವಿಯಾ, ಅಂದರೆ ಇಂದಿನ ಜಕಾರ್ತ, ತಲುಪಿದಾಗ ಮಲೇರಿಯ ಮತ್ತು ರಕ್ತಭೇದಿ ತಗುಲಿ ಹತ್ತಾರು ಜನರನ್ನು ಕಳೆದುಕೊಂಡಿತು. ಭರಣಿಯೊಳಗಿನ ಔಷಧಿಗೂ ಒಂದು ಮಿತಿಯಿದೆ.

ಆ ಸತ್ವ ಯಾವುದು ಎಂಬುದು ಖಚಿತವಾಗಿ ತಿಳಿಯಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಹಂಗೇರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ 1928ರಲ್ಲಿ ಪ್ರಾಣಿಗಳ ಒಂದು ಗ್ರಂಥಿಯಿಂದಲೂ ಕಿತ್ತಳೆ ಮತ್ತು ಎಲೆಕೋಸಿನಿಂದಲೂ ಒಂದು ಆಮ್ಲವನ್ನು ಬೇರ್ಪಡಿಸಿದರು. ಅದೇ ‘ಸಿ’ ಜೀವಸತ್ವವೆಂದು 1932ರಲ್ಲಿ ಖಚಿತವಾಯಿತು. ಹೆಚ್ಚಿನ ಸಂಶೋಧನೆಗೆ ಅದು ರಾಶಿಗಟ್ಟಲೆ ಬೇಕಾದಾಗ ಅವರ ನೆರವಿಗೆ ಬಂದದ್ದು ಸೆಗೆಡ್ ಪಟ್ಟಣದ ಸುತ್ತ ಬೆಳೆಯುತ್ತಿದ್ದ ಕೆಂಪು ಮೆಣಸಿನಕಾಯಿ. 1937ರಲ್ಲಿ ಅವರಿಗೆ ನೊಬೆಲ್ ಬಂತು. ಎಲೆಕೋಸು ಮತ್ತು ಮೆಣಸಿನಕಾಯಿ: ಯುರೋಪಿನ ಪ್ರಯೋಗಶಾಲೆಯಲ್ಲಿ ಒಂದರ ಹಿಂದೆ ಒಂದು ಬಂದ ಇವೆರಡನ್ನೂ ಅದಕ್ಕೆ ಬಹಳ ಹಿಂದೆಯೇ ಒಂದೇ ಭರಣಿಯಲ್ಲಿ ಸೇರಿಸಿದ್ದವರು ಕೊರಿಯದ ಹೆಂಗಸರು. ಅಲ್ಲಿಗೆ ಹೋಗುವ ಮೊದಲು ಭರಣಿಯೊಳಗೆ ನಡೆಯುವುದೇನೆಂದು ನೋಡಬೇಕು. ನನ್ನ ಎರಡು ಸೋಲುಗಳಿಗೂ ಉತ್ತರ ಅಲ್ಲೇ ಇದೆ.

*

ಎಲೆಕೋಸಿನ ಮೇಲೆ ಬರಿಗಣ್ಣಿಗೆ ಕಾಣದ ನಾನಾ ಬಗೆಯ ಸೂಕ್ಷ್ಮಜೀವಿಗಳಿರುತ್ತವೆ. ಕೊಳೆಯಿಸುವವೂ ಇವೆ, ಹುಳಿ ಬರಿಸುವವೂ ಇವೆ. ಉಪ್ಪು ಇಲ್ಲದಿದ್ದರೆ ಕೊಳೆಯಿಸುವವು ಗೆಲ್ಲುತ್ತವೆ. ಉಪ್ಪು ವಿಪರೀತವಾದರೆ ಎಲ್ಲವೂ ಸ್ತಬ್ಧವಾಗುತ್ತವೆ. ತೂಕದಲ್ಲಿ ನೂರಕ್ಕೆ ಎರಡರಿಂದ ಎರಡೂವರೆ ಭಾಗ ಉಪ್ಪಿದ್ದಾಗ ಮಾತ್ರ ಕೊಳೆಯಿಸುವವು ಹಿಂದೆ ಸರಿದು ಹುಳಿ ಬರಿಸುವವು ಮುಂದೆ ಬರುತ್ತವೆ. ಮೊದಲು ಕೆಲಸಕ್ಕಿಳಿಯುವುದು ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯ. ಅದು ಎಲೆಯೊಳಗಿನ ಸಕ್ಕರೆಯನ್ನು ಆಮ್ಲವಾಗಿಯೂ ಅನಿಲವಾಗಿಯೂ ಮಾರ್ಪಡಿಸುತ್ತದೆ. ಆ ಅನಿಲ ಭರಣಿಯೊಳಗಿನ ಗಾಳಿಯನ್ನು ಹೊರದೂಡುತ್ತದೆ. ಹುಳಿ ಏರಿದಂತೆ ಅದೇ ಹುಳಿಯನ್ನು ತಾಳಲಾರದೆ ಅದು ಕುಗ್ಗುತ್ತದೆ, ಇನ್ನೂ ಹೆಚ್ಚು ಹುಳಿಯನ್ನು ಸಹಿಸಬಲ್ಲ ಲ್ಯಾಕ್ಟೊಬ್ಯಾಸಿಲಸ್ ಜಾತಿಯವು ಅದರ ಜಾಗಕ್ಕೆ ಬರುತ್ತವೆ. ಕೊನೆಗೆ ಭರಣಿ ಎಷ್ಟು ಹುಳಿಯಾಗುತ್ತದೆಂದರೆ, ಕೊಳೆಯಿಸುವ ಜೀವಿಗಳಿಗೆ ಅಲ್ಲಿ ತಾವಿರುವುದಿಲ್ಲ. ಹುಳಿಯೇ ಆಮೇಲೆ ಕಾವಲು ಕಾಯುತ್ತದೆ.

ಈ ಆಮ್ಲವನ್ನು ಹುಳಿ ಹಾಲಿನಲ್ಲಿ ಮೊದಲು ಗುರುತಿಸಿದ್ದು 1780ರಲ್ಲಿ ಸ್ವೀಡನ್ನಿನ ಶೀಲೆ. ಅದನ್ನು ಹುಟ್ಟಿಸುವುದು ಸಜೀವ ಕಣಗಳೆಂದು ಪಾಸ್ಚರ್ ತೋರಿಸಿದ್ದು 1857ರಲ್ಲಿ. ಅಷ್ಟರಲ್ಲಿ ಎಷ್ಟೋ ತಲೆಮಾರಿನ ಹೆಂಗಸರು ಕಾರಣ ತಿಳಿಯದೆಯೇ ಅಳತೆಯನ್ನು ತಿಳಿದಿದ್ದರು.

ಈಗ ಅಜ್ಜಿಯ ಭರಣಿ ಅರ್ಥವಾಗುತ್ತದೆ. ಉಪ್ಪುಸೊಳೆಯಲ್ಲಿ ಉಪ್ಪು ತುಂಬ ಹೆಚ್ಚು. ಅದರ ಉದ್ದೇಶ ಕಾಲವನ್ನು ತಡೆಯುವುದು: ಮೇ ತಿಂಗಳಿನ ಹಲಸು ಜುಲೈ ತಿಂಗಳಿಗೆ ಆದಷ್ಟೂ ಹಾಗೆಯೇ ತಲುಪಬೇಕು. ಹುಳಿಗೋಸಿನ ಉದ್ದೇಶ ಬೇರೆ. ಅಲ್ಲಿ ಉಪ್ಪು ಕಾಲವನ್ನು ತಡೆಯುವುದಿಲ್ಲ. ಯಾವ ಬದಲಾವಣೆ ಬರಬಹುದು, ಯಾವುದು ಬರಬಾರದು ಎಂದು ಬಾಗಿಲಲ್ಲಿ ನಿಂತು ಆರಿಸುತ್ತದೆ. ಮೊದಲನೆಯದು ಪದಾರ್ಥವನ್ನು ಇದ್ದಂತೆಯೇ ಕಾಯುತ್ತದೆ. ಎರಡನೆಯದು ಅದನ್ನು ಬೇರೊಂದಾಗಿಸಿ ಉಳಿಸುತ್ತದೆ. ನಾನು ಒಂದರ ಅಳತೆಯಲ್ಲಿ ಇನ್ನೊಂದನ್ನು ಮಾಡಹೊರಟಿದ್ದೆ.

*

ಕೊರಿಯದ ಕಿಮ್ಚಿ ಇಂದು ಇಡೀ ಲೋಕಕ್ಕೆ ಗೊತ್ತು. ಕಡುಗೆಂಪು ಬಣ್ಣ, ಉದ್ದನೆಯ ಎಲೆಕೋಸು, ಬೆಳ್ಳುಳ್ಳಿಯ ಘಾಟು. ನೋಡಿದರೆ ಅನಾದಿಯಿಂದ ಹೀಗೆಯೇ ಬಂದಿರಬೇಕು ಎನ್ನಿಸುತ್ತದೆ. ಚರಿತ್ರೆ ಹೇಳುವುದು ಬೇರೆ ಮಾತು.

‘ಕಿಮ್ಚಿ’ ಎಂಬ ಪದದ ಮೂಲವಾದ ‘ಚಿಮ್ಚೆ’ ಎಂಬುದಕ್ಕೆ ಮುಳುಗಿದ ತರಕಾರಿ ಎಂದರ್ಥ. ಯಾವ ತರಕಾರಿ, ಯಾವ ಬಣ್ಣ ಎಂಬುದು ಹೆಸರಿನಲ್ಲಿಲ್ಲ. ನೀರಿನಲ್ಲಿ ಮುಳುಗಿರಬೇಕು ಎಂಬುದಷ್ಟೇ ಇದೆ. ಹದಿಮೂರನೆಯ ಶತಮಾನದ ಕವಿ ಈ ಗ್ಯು-ಬೊ ತನ್ನ ಹಿತ್ತಿಲಿನ ಆರು ತರಕಾರಿಗಳ ಮೇಲೆ ಬರೆದ ಪದ್ಯಗಳಲ್ಲಿ ಚಳಿಗಾಲಕ್ಕೆಂದು ಉಪ್ಪಿನಲ್ಲಿ ಹಾಕಿಡುವ ಮೂಲಂಗಿಯ ಮಾತಿದೆ. ಎಲೆಕೋಸಲ್ಲ, ಮೂಲಂಗಿ. ಮೆಣಸಿನಕಾಯಿ ಇರುವ ಸಾಧ್ಯತೆಯೇ ಇಲ್ಲ. ಏಕೆಂದರೆ ಅದು ಅಮೆರಿಕ ಖಂಡದ ಗಿಡ, ಕೊಲಂಬಸ್ ಹೋಗಿ ಬರುವ ತನಕ ಏಷ್ಯ ಅದನ್ನು ಕಂಡಿರಲಿಲ್ಲ.

ಮೆಣಸಿನಕಾಯಿ ಕೊರಿಯಕ್ಕೆ ಬಂದದ್ದು ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ, ಜಪಾನ್ 1592ರಿಂದ 1598ರವರೆಗೆ ಆ ನೆಲದ ಮೇಲೆ ನಡೆಸಿದ ದಂಡಯಾತ್ರೆಗಳ ಕಾಲದ ಆಸುಪಾಸಿನಲ್ಲಿ ಎಂಬುದು ಸಾಮಾನ್ಯವಾಗಿ ಒಪ್ಪಿಗೆಯಾದ ಅಭಿಪ್ರಾಯ. 1614ರಲ್ಲಿ ಈ ಸು-ಗ್ವಾಂಗ್ ಎಂಬ ವಿದ್ವಾಂಸ ತನ್ನ ಗ್ರಂಥದಲ್ಲಿ ಇದನ್ನು ಹೆಸರಿಸುವಾಗ ‘ಜಪಾನೀ ಸಾಸಿವೆ’ ಎಂಬರ್ಥದ ಪದವನ್ನು ಬಳಸಿದ. ಹೊಸದಾಗಿ ಬಂದ ಖಾರಕ್ಕೆ ಹಳೆಯ ಖಾರದ ಹೆಸರು. ನಮ್ಮಲ್ಲೂ ನಡೆದದ್ದು ಇದೇ. ಕನ್ನಡದಲ್ಲಿ ಮೆಣಸು ಎಂದರೆ ಮಲೆನಾಡಿನ ಬಳ್ಳಿಯ ಕಾಳು. ಹಡಗಿನಲ್ಲಿ ಬಂದ ಕಾಯಿಗೆ ಆ ಕಾಳಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದೆವು. ಕಾಲಕ್ರಮದಲ್ಲಿ ಹೊಸಬನೇ ಯಜಮಾನನಾಗಿ, ಹಳೆಯದನ್ನು ಗುರುತಿಸಲು ‘ಕಾಳು’ ಸೇರಿಸಿ ಕಾಳುಮೆಣಸು ಎನ್ನಬೇಕಾಯಿತು. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ‘ಸೂಪಶಾಸ್ತ್ರ’ದ ಅಡುಗೆಗಳಲ್ಲಿ ಈ ಕಾಯಿಗೆ ಜಾಗವಿಲ್ಲ. ಅದಿಲ್ಲದೆ ಕನ್ನಡದ ಅಡುಗೆಯನ್ನು ಇಂದು ಊಹಿಸುವುದೂ ಕಷ್ಟ.

ಕೊರಿಯದ ಹೆಂಗಸರು ಈ ಹೊಸಬನನ್ನು ಭರಣಿಯೊಳಗೆ ಬಿಟ್ಟುಕೊಳ್ಳಲು ಅವಸರ ಮಾಡಲಿಲ್ಲ. ಕಿಮ್ಚಿಗೆ ಮೆಣಸಿನಕಾಯಿ ಬಳಸುವ ವಿಧಾನ ಕಾಣಿಸುವುದು 1766ರ ಹೊತ್ತಿನ ಒಂದು ಕೃಷಿಗ್ರಂಥದಲ್ಲಿ, ಅಂದರೆ ಸುಮಾರು ಒಂದೂವರೆ ಶತಮಾನದ ನಂತರ. ಇನ್ನು ದಟ್ಟವಾಗಿ ಎಲೆ ಕೂಡುವ ಉದ್ದನೆಯ ಎಲೆಕೋಸು ಅಲ್ಲಿ ವ್ಯಾಪಕವಾದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅದರ ಕೊರಿಯನ್ ಹೆಸರು ‘ಬೆಚು’ ಕೂಡ ಚೀನೀ ಪದದಿಂದ ಬಂದದ್ದು. ಬೀಜ ಚೀನಾದ್ದು, ಖಾರ ಅಮೆರಿಕದ್ದು, ಅದು ಬಂದ ದಾರಿ ಜಪಾನಿನದು. ಆದರೂ ಕಿಮ್ಚಿ ಕೊರಿಯದ್ದಲ್ಲ ಎಂದು ಯಾರೂ ಹೇಳಲಾರರು. ಮುಳುಗಿಸುವ ಕ್ರಮ, ಉಪ್ಪಿನ ಅಳತೆ, ನೆಲದಲ್ಲಿ ಹೂತಿಟ್ಟ ಮಣ್ಣಿನ ಭರಣಿ, ಚಳಿಗಾಲದ ಬಾಗಿಲಲ್ಲಿ ನೆರೆಹೊರೆಯವರೆಲ್ಲ ಸೇರಿ ನೂರಾರು ಕೋಸುಗಳಿಗೆ ಮಸಾಲೆ ಸವರುವ ‘ಕಿಮ್ಜಾಂಗ್’ ಎಂಬ ಸಾಮೂಹಿಕ ಕೆಲಸ, ಇವು ಅವರವು. ಒಳಗಿನ ಪದಾರ್ಥಗಳು ಒಂದೊಂದಾಗಿ ಬದಲಾದವು. ಕೆಲಸದ ಕ್ರಮ ಉಳಿಯಿತು.

*

ಈ ಚರಿತ್ರೆಯಲ್ಲಿ ನನ್ನನ್ನು ಬಹುಕಾಲ ಕಾಡಿದವರು ಒಬ್ಬ ವಿಜ್ಞಾನಿ. ಹೆಸರು ಊ ಜಾಂಗ್-ಚುನ್. 1898ರಲ್ಲಿ ಜಪಾನಿನಲ್ಲಿ ಹುಟ್ಟಿದವರು. ತಂದೆ ಕೊರಿಯದವರು, ತಾಯಿ ಜಪಾನಿನವರು. ತಂದೆ ಊ ಬೊಮ್-ಸೊನ್ ಸೇನಾಧಿಕಾರಿ. 1895ರಲ್ಲಿ ಕೊರಿಯದ ರಾಣಿ ಮ್ಯೊಂಗ್‌ಸೊಂಗ್‌ಳ ಹತ್ಯೆಯಲ್ಲಿ ಜಪಾನೀಯರೊಡನೆ ಕೈಜೋಡಿಸಿ, ಅಲ್ಲಿಂದ ಓಡಿ ಜಪಾನಿಗೆ ಬಂದು ನೆಲೆಸಿದ್ದರು. 1903ರಲ್ಲಿ ಕೊರಿಯದಿಂದಲೇ ಬಂದವನೊಬ್ಬ ಅವರನ್ನು ಕೊಂದ. ಮಗನಿಗೆ ಆಗ ಐದು ವರ್ಷ. ಬಡತನದಲ್ಲಿ ತಾಯಿ ಸಾಕಿದರು. ತಂದೆಯ ನಾಡಿನವರಿಗೆ ಈ ಹುಡುಗ ದ್ರೋಹಿಯ ಮಗ, ತಾಯಿಯ ನಾಡಿನವರಿಗೆ ಪರಕೀಯ.

ಊ ಅವರು ಸಸ್ಯತಳಿಯ ವಿಜ್ಞಾನಿಯಾದರು. 1935ರಲ್ಲಿ ಅವರು ಪ್ರಕಟಿಸಿದ ಒಂದು ಪ್ರಬಂಧ ಇಂದಿಗೂ ಸಸ್ಯಶಾಸ್ತ್ರದ ಪಾಠಗಳಲ್ಲಿ ‘ಯು ತ್ರಿಕೋನ’ ಎಂಬ ಹೆಸರಿನಲ್ಲಿದೆ. ಎಲೆಕೋಸು, ಸಾಸಿವೆ, ನವಿಲುಕೋಸುಗಳ ಕುಲದೊಳಗಿನ ನಂಟನ್ನು ಅದು ಬಿಡಿಸಿ ತೋರಿಸಿತು. ಈ ಕುಲದಲ್ಲಿ ಮೂರು ಮೂಲಜಾತಿಗಳಿವೆ: ಚೀನೀ ಎಲೆಕೋಸು ಮತ್ತು ಟರ್ನಿಪ್ ಗೆಡ್ಡೆ ಸೇರಿದ ಜಾತಿ, ಕಪ್ಪು ಸಾಸಿವೆ, ನಮ್ಮ ದುಂಡು ಎಲೆಕೋಸು ಸೇರಿದ ಜಾತಿ. ಅವುಗಳ ವರ್ಣತಂತು ಜೋಡಿಗಳು ಕ್ರಮವಾಗಿ 10, 8 ಮತ್ತು 9. ಇವು ಎರಡೆರಡಾಗಿ ಕೂಡಿ ಇನ್ನೂ ಮೂರು ಜಾತಿಗಳು ಹುಟ್ಟಿವೆ. ಅವುಗಳಲ್ಲೊಂದು, 18 ಜೋಡಿಯದು, ನಮ್ಮ ದೇಶದಲ್ಲಿ ಹೊಲಗಟ್ಟಲೆ ಬೆಳೆಯುವ ರಾಯಿ ಸಾಸಿವೆ. ಅಂದರೆ ಒಗ್ಗರಣೆಗೆ ಹಾಕಿದಾಗ ಸಿಡಿಯುವ ಕಾಳಿನಲ್ಲಿ ಅರ್ಧ ಪಾಲು ಕಿಮ್ಚಿಯ ಎಲೆಕೋಸಿನ ಕುಲದ್ದು, ಇನ್ನರ್ಧ ಕಪ್ಪು ಸಾಸಿವೆಯದು. ಎರಡು ಬೇರೆ ಜಾತಿಗಳ ಕೂಡುವಿಕೆಯಿಂದ ಪೂರ್ಣವಾದ, ತನ್ನಷ್ಟಕ್ಕೆ ತಾನೇ ನಿಲ್ಲಬಲ್ಲ ಹೊಸ ಜಾತಿ ಹುಟ್ಟಬಹುದು ಎಂಬುದು ಆ ಪ್ರಬಂಧದ ತಿರುಳು. ಅದನ್ನು ಬರೆದವರ ಹುಟ್ಟನ್ನು ನೆನೆದರೆ ಆ ಮಾತಿಗೆ ಬೇರೆ ತೂಕ ಬರುತ್ತದೆ.

1945ರಲ್ಲಿ ಜಪಾನಿನ ಆಳ್ವಿಕೆ ಮುಗಿದಾಗ ಕೊರಿಯಕ್ಕೆ ಒದಗಿದ ಸಂಕಟಗಳಲ್ಲಿ ಒಂದು, ತರಕಾರಿ ಬೀಜದ ಕೊರತೆ. ಅದುವರೆಗೆ ಒಳ್ಳೆಯ ಬೀಜ ಜಪಾನಿನಿಂದ ಬರುತ್ತಿತ್ತು. ಅದು ನಿಂತಿತು. ಕಿಮ್ಚಿಯ ಎರಡು ಆಧಾರಗಳಾದ ಎಲೆಕೋಸಿಗೂ ಮೂಲಂಗಿಗೂ ನೆಚ್ಚಬಹುದಾದ ಬೀಜವಿರಲಿಲ್ಲ. ದ್ರೋಹಿಯ ಮಗನನ್ನು ಕೊರಿಯ ಕರೆಯಿತು. 1950ರ ಮಾರ್ಚ್‌ನಲ್ಲಿ ಊ ಅವರು ಹೆಂಡತಿ ಮಕ್ಕಳನ್ನು ಜಪಾನಿನಲ್ಲೇ ಬಿಟ್ಟು, ಚೆನ್ನಾಗಿ ಮಾತಾಡಲೂ ಬಾರದ ತಂದೆಯ ನುಡಿಯ ನಾಡಿಗೆ ಬಂದರು. ಮೂರು ತಿಂಗಳಲ್ಲಿ ಯುದ್ಧ ಆರಂಭವಾಯಿತು. ಬೂಸಾನ್ ನಗರದ ದೊಂಗ್ನೆಯಲ್ಲಿದ್ದ ಅವರ ಸಂಸ್ಥೆ ಯುದ್ಧದ ಗಡಿಬಿಡಿಯ ನಡುವೆಯೂ ಎಲೆಕೋಸು, ಮೂಲಂಗಿಗಳ ತಳಿ ಸುಧಾರಿಸುವ ಕೆಲಸ ನಡೆಸಿತು.

1953ರಲ್ಲಿ ಜಪಾನಿನಲ್ಲಿ ಅವರ ತಾಯಿ ತೀರಿಕೊಂಡರು. ಅಂತ್ಯಕ್ರಿಯೆಗೆ ಹೋಗಲು ಸರ್ಕಾರ ಅನುಮತಿ ಕೊಡಲಿಲ್ಲ. ಹೋದವರು ಮರಳಲಾರರೆಂಬ ಶಂಕೆ. ಸಂತಾಪ ಸೂಚಿಸಿ ಜನ ಕಳುಹಿಸಿದ ಹಣದಿಂದ ಊ ಅವರು ಸಂಸ್ಥೆಯ ಆವರಣದಲ್ಲಿ ಒಂದು ಬಾವಿ ತೋಡಿಸಿದರು. ಅದಕ್ಕೆ ಇಟ್ಟ ಹೆಸರು ‘ಜಾಯುಚೊನ್’: ತಾಯಿಯ ಹಾಲಿನ ಸೆಲೆ ಎಂದು ಅದರ ಭಾವಾರ್ಥ. 1959ರಲ್ಲಿ ಅವರು ಕೊರಿಯದಲ್ಲೇ ತೀರಿಕೊಂಡರು. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಹಾಸಿಗೆಯ ಬಳಿಗೇ ದೇಶದ ಪದಕ ಬಂದು ತಲುಪಿತು.

ಹೊರನಾಡಿನಲ್ಲಿ ಹುಟ್ಟಿ, ತಂದೆಯ ನುಡಿ ಸರಿಯಾಗಿ ಬಾರದೆ ಬೆಳೆದ ಒಬ್ಬರು ಆ ನಾಡಿನ ಊಟದ ಎಲೆಗೆ ಬೇಕಾದ ಮೂಲವಸ್ತುವಿನ ಬೀಜವನ್ನು ಮತ್ತೆ ದೊರಕಿಸಿಕೊಟ್ಟರು. ನಮ್ಮ ಸಂಘದ ಮಕ್ಕಳ ಕನ್ನಡ ಕೇಳಿ, ಇದು ಕನ್ನಡವೇ ಅಲ್ಲ ಎಂದು ನಾವು ಹಿರಿಯರು ಮುಖ ಸಿಂಡರಿಸುವಾಗ ನನಗೆ ಊ ಅವರು ನೆನಪಾಗುತ್ತಾರೆ.

*

ಕಿಮ್ಚಿಯ ಮುಂದಿನ ಕಥೆ ಪ್ರಯಾಣದ್ದು. ವಿಯೆಟ್ನಾಂ ಯುದ್ಧಕ್ಕೆ ಹೋದ ಕೊರಿಯದ ಸೈನಿಕರಿಗೆ ಅದನ್ನು ಡಬ್ಬಿಯಲ್ಲಿ ಮುಚ್ಚಿ ಕಳುಹಿಸಲಾಯಿತು. ಸೋಲ್ ನಗರದಲ್ಲಿ ಬಹುಮಹಡಿ ಕಟ್ಟಡಗಳು ಎದ್ದಾಗ ಭರಣಿ ಹೂಳಲು ನೆಲವಿಲ್ಲವಾಯಿತು; 1990ರ ದಶಕದಲ್ಲಿ ನೆಲದೊಳಗಿನ ತಂಪನ್ನು ಅನುಕರಿಸುವ ಕಿಮ್ಚಿ ಫ್ರಿಜ್ಜುಗಳು ಮನೆಮನೆಗೆ ಬಂದವು. 2008ರಲ್ಲಿ ಕೊರಿಯದ ಮೊದಲ ಗಗನಯಾತ್ರಿ ಈ ಸೊ-ಯೊನ್ ಅಂತರಿಕ್ಷಕ್ಕೆ ಹೋದಾಗ ಕಿಮ್ಚಿಯೂ ಹೋಯಿತು. ಆದರೆ ಅಲ್ಲಿ ಸಜೀವ ಬ್ಯಾಕ್ಟೀರಿಯಗಳು ಅಪಾಯವಾದೀತೆಂಬ ಅಂಜಿಕೆಯಿಂದ ವಿಕಿರಣ ಹಾಯಿಸಿ ಅವನ್ನು ಕೊಂದು ಕಳುಹಿಸಿದರು. ಬಣ್ಣ, ರುಚಿ, ಹೆಸರು ಎಲ್ಲ ಇದ್ದು ಒಳಗೆ ಏನೂ ನಡೆಯದ ಕಿಮ್ಚಿ. 2013ರಲ್ಲಿ ದಕ್ಷಿಣ ಕೊರಿಯದ ಕಿಮ್ಜಾಂಗ್ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು, 2015ರಲ್ಲಿ ಉತ್ತರ ಕೊರಿಯದ ಕಿಮ್ಚಿ ಸಂಪ್ರದಾಯವೂ ಸೇರಿತು. ದೇಶ ಎರಡು ಹೋಳಾದರೂ ಭರಣಿ ಒಂದೇ ಎಂಬುದನ್ನು ಆ ಪಟ್ಟಿ ತಿಳಿದೋ ತಿಳಿಯದೆಯೋ ದಾಖಲಿಸಿದೆ.

ಹುಳಿಗೋಸಿಗೂ ರಾಜಕೀಯ ತಪ್ಪಲಿಲ್ಲ. ಮೊದಲ ಮಹಾಯುದ್ಧದ ಕೊನೆಯಲ್ಲಿ ಜರ್ಮನರ ಮೇಲಿನ ಸಿಟ್ಟಿಗೆ ಅಮೆರಿಕನ್ನರು ಸಾವರ್‌ಕ್ರೌಟ್ ಎಂಬ ಹೆಸರನ್ನು ಬಿಟ್ಟು ‘ಸ್ವಾತಂತ್ರ್ಯದ ಎಲೆಕೋಸು’ ಎಂದು ಕರೆದರು. ಹೆಸರು ಬದಲಾಯಿತು. ತಿನ್ನುವುದು ನಿಲ್ಲಲಿಲ್ಲ.

*

ಇಷ್ಟೆಲ್ಲ ಓದಿದ ಮೇಲೆ ಮೂರನೆಯ ಸಲ ತಕ್ಕಡಿ ಹಿಡಿದೆ. ಒಂದು ಕಿಲೋಗ್ರಾಂ ಎಲೆಕೋಸಿಗೆ 20 ಗ್ರಾಂ ಕಲ್ಲುಪ್ಪು. ಕೋಸನ್ನು ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ, ಹತ್ತು ನಿಮಿಷ ಎರಡೂ ಕೈಗಳಿಂದ ಹಿಸುಕಿದರೆ ಅದು ತಾನೇ ನೀರು ಬಿಡುತ್ತದೆ. ಹೊರಗಿನ ನೀರು ಬೇಡ. ತೊಳೆದು ಒಣಗಿಸಿದ ಭರಣಿಗೆ ತುಂಬಿ, ಗಾಳಿ ಉಳಿಯದಂತೆ ಒತ್ತಿ, ಮೇಲೆ ಒಂದು ಇಡೀ ಎಲೆ ಹಾಸಿ, ಅದರ ಮೇಲೆ ಭಾರ ಇಡಬೇಕು. ಕೋಸು ಸದಾ ನೀರಿನೊಳಗೆ ಮುಳುಗಿರಬೇಕು: ಇಡೀ ಶಾಸ್ತ್ರದಲ್ಲಿ ತಪ್ಪಬಾರದ ನಿಯಮ ಇದೊಂದೇ. ಮುಚ್ಚಳ ಬಿಗಿಯಾಗಿರಕೂಡದು, ಅನಿಲ ಹೊರಹೋಗಬೇಕು. ತಂಪು ದೇಶಗಳಲ್ಲಿ ಇದಕ್ಕೆ ಮೂರು ನಾಲ್ಕು ವಾರ ಹಿಡಿಯುತ್ತದೆ. ಮುಂಬಯಿಯ, ಚೆನ್ನೈಯ ಸೆಕೆಯಲ್ಲಿ ಐದನೆಯ ದಿನದಿಂದಲೇ ರುಚಿ ನೋಡತೊಡಗಬೇಕು. ಹಿತವಾದ ಹುಳಿ ಬಂದಾಗ ಫ್ರಿಜ್ಜಿಗೆ ಸೇರಿಸಿದರೆ ನಡೆ ನಿಧಾನವಾಗುತ್ತದೆ. ಬೂಷ್ಟು ಹಿಡಿದರೆ, ಹುಳಿಯಲ್ಲದ ಕೊಳೆತ ನಾತ ಬಂದರೆ, ಮರುಕವಿಲ್ಲದೆ ಚೆಲ್ಲಬೇಕು. ಖಾರ ಬೇಕೆನ್ನುವವರು ಬ್ಯಾಡಗಿ ಮೆಣಸಿನಪುಡಿ, ಜಜ್ಜಿದ ಬೆಳ್ಳುಳ್ಳಿ, ಶುಂಠಿ ಸೇರಿಸಬಹುದು. ಖಾರ ಕಡಿಮೆ, ಕೆಂಪು ಹೆಚ್ಚು ಇರುವ ಬ್ಯಾಡಗಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಮೂರನೆಯ ದಿನ ಭರಣಿಯಲ್ಲಿ ಸಣ್ಣ ಗುಳ್ಳೆಗಳು ಏಳತೊಡಗಿದವು. ಮುಚ್ಚಳ ತೆಗೆದಾಗ ಬಂದ ವಾಸನೆ ಪರಿಚಿತವೆನ್ನಿಸಿತು. ರಾತ್ರಿಯಿಡೀ ಉಬ್ಬಿದ ಇಡ್ಲಿ ಹಿಟ್ಟಿನ ಪಾತ್ರೆಯಿಂದ ಬೆಳಗ್ಗೆ ಬರುವ ವಾಸನೆಯ ದೂರದ ನಂಟ. ಇದು ಕೇವಲ ಭ್ರಮೆಯಲ್ಲ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಮುಖ್ಯ ಬ್ಯಾಕ್ಟೀರಿಯಗಳಲ್ಲಿ ಒಂದು ಅದೇ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂದು ವಿಜ್ಞಾನಿಗಳು 1960ರ ದಶಕದಲ್ಲಿ ಗುರುತಿಸಿದ್ದಾರೆ. ಕುಕ್‌ನ ಪೀಪಾಯಿಯಲ್ಲಿ, ಕೊರಿಯದ ಭರಣಿಯಲ್ಲಿ, ನಮ್ಮ ಹಿಟ್ಟಿನ ಪಾತ್ರೆಯಲ್ಲಿ ಕೆಲಸ ಮಾಡುವ ಕೈ ಒಂದೇ.

ಇಡ್ಲಿಯೂ ಇದ್ದಂತೆ ಬಂದದ್ದಲ್ಲ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಎಂಬ ಹೆಸರಿದೆ. 1025ರ ಹೊತ್ತಿನ, ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅದರ ವಿಧಾನವಿದೆ: ಮಜ್ಜಿಗೆಯಲ್ಲಿ ನೆನೆಸಿದ ಉದ್ದು, ಮೊಸರಿನ ತಿಳಿ, ಮಸಾಲೆ. ಅಕ್ಕಿಯ ಮಾತಿಲ್ಲ, ರಾತ್ರಿಯಿಡೀ ಹುದುಗಿಸುವ ಮಾತೂ ಇಲ್ಲ. ಮಾಟುಂಗದ ಹೋಟೆಲಿನಲ್ಲಿ ಕುಳಿತು ನಾವು ಊರಿನ ರುಚಿ ಎಂದು ಮೆಲ್ಲುವ ಇಡ್ಲಿಯನ್ನು ಲೋಕೋಪಕಾರದ ಕರ್ತೃ ಗುರುತಿಸುತ್ತಿದ್ದನೋ ಇಲ್ಲವೋ. ಹೆಸರು ಮಾತ್ರ ಅಂದಿನದೇ, ಸ್ವಲ್ಪ ಸವೆದಿದೆ ಅಷ್ಟೆ.

ಅಜ್ಜಿಯ ಭರಣಿ ಈಗ ಊರಿನಲ್ಲಿ ಖಾಲಿ ಬಿದ್ದಿದೆ. ಅದನ್ನು ಮುಂಬಯಿಗೆ ತರಬೇಕೆಂದು ಬಹಳ ಸಲ ಅಂದುಕೊಂಡಿದ್ದೆ. ತಂದರೆ ಉಪ್ಪುಸೊಳೆಯನ್ನೇ ಹಾಕಬೇಕು, ಅದೇ ರುಚಿ ಬರಬೇಕು ಎಂಬ ಹಟವೂ ಇತ್ತು. ಈಗ ಆ ಹಟ ಸಡಿಲವಾಗಿದೆ. ಕಾಲವನ್ನು ತಡೆಯುವ ಉಪ್ಪೂ ಬೇಕು, ಆರಿಸಿ ಒಳಬಿಡುವ ಉಪ್ಪೂ ಬೇಕು. ಯಾವುದಕ್ಕೆ ಎಷ್ಟು ಎಂಬುದೊಂದು ತಿಳಿದಿರಬೇಕು. ಬರುವ ಬೇಸಗೆಯಲ್ಲಿ ಹೋದಾಗ ಭರಣಿಯನ್ನು ತರುತ್ತೇನೆ. ಮೊದಲ ಸಲ ಹಲಸು ಹಾಕುತ್ತೇನೆ, ಅಜ್ಜಿಯ ನೆನಪಿಗೆ. ಎರಡನೆಯ ಸಲ ಎಲೆಕೋಸು.